ಸಾಸಿವೆಯ ಕೋಟಿ ಪಾಲು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಾನು ಕೈ ಎತ್ತಿದರೆ ಲಾರಿ ನಿಲ್ಲುತ್ತದೆ, ಇಳಿಸಿದರೆ ಹೊರಡುತ್ತದೆ. ಎತ್ತಿದ ಕೈಯಲ್ಲೇ ಬೆನ್ನು ಕೆರೆದುಕೊಂಡೆನೋ, ನಲವತ್ತು ಡ್ರೈವರುಗಳು ಗೇರಿನ ಮೇಲೆ ಕೈಯಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಡಾಯಿ ಅನ್ನುವವರು ಕಬ್ಬು ಅರೆಯುವ ಕಾಲದಲ್ಲಿ ನಮ್ಮ ತೂಕದ ಮನೆಗೆ ಬಂದು ನೋಡಲಿ. ಈ ಕಡೆಯಿಂದ ಕಾರ್ಖಾನೆಗೆ ಹೋಗುವ ಕಬ್ಬೆಲ್ಲ ಮೊದಲು ನನ್ನ ಕಬ್ಬಿಣದ ಹಾಸಿನ ಮೇಲೆ ಹತ್ತಿ ಇಳಿಯಬೇಕು. ಹದಿನೆಂಟು ವರ್ಷದಿಂದ ತೂಗುತ್ತಿದ್ದೇನೆ. ನಾನು ತೂಗಿದ ಕಬ್ಬನ್ನು ಒಂದರ ತುದಿಗೊಂದು ಜೋಡಿಸಿದರೆ ಚಂದ್ರನ ಹತ್ತಿರ ಎರಡು ಸಲ ಹೋಗಿ ಬರಬಹುದು. ದಾರಿಯಲ್ಲಿ ಜಗಿಯುವುದಕ್ಕೂ ಒಂದು ಹೊರೆ ಉಳಿಯುತ್ತದೆ. ಲಾರಿ ಗೇಟು ದಾಟುವಾಗ ಟೈರಿನ ಉಬ್ಬು ನೋಡಿಯೇ ಟನ್ನು ಹೇಳುತ್ತೇನೆ. ಡ್ರೈವರು ಮುದ್ದೆ ಉಂಡಿದ್ದಾನೋ ಅನ್ನ ಉಂಡಿದ್ದಾನೋ ಅದನ್ನೂ ಹೇಳುತ್ತೇನೆ.

ಇಂಥ ನಾನು, ಪೂರಿಗಾಲಿಯ ಕೆಂಪಸಿದ್ದಯ್ಯನ ಹಿರಿಮಗ ರಾಜೇಂದ್ರ, ಕಳೆದ ಕಾರ್ತಿಕದಲ್ಲಿ ಒಂದು ಮಂಗಳವಾರ, ಒಂದು ಸಾಸಿವೆ ಕಾಳನ್ನು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನ ತೂಕಕ್ಕೆ ಹೆದರಿ ಗಡಗಡ ನಡುಗಿದೆ. ಈ ಲೆಕ್ಕ ನನ್ನದಲ್ಲ. ಇದರಲ್ಲಿ ಒಂದು ಸೊನ್ನೆಯನ್ನೂ ನಾನು ಸೇರಿಸಿಲ್ಲ. ಆಶ್ರಿತಾ ಮೇಡಂ ಕಾಗದದ ಮೇಲೆ ಬರೆದು ತೋರಿಸಿದ್ದು.

ಮೇಡಂ ಕೆಲಸ ಮಾಡುವುದು ನಮ್ಮ ತೂಕದ ಮನೆಯ ಎದುರಿಗೆ, ರಸ್ತೆಯ ಆಚೆ, ಯಾವುದೋ ಟ್ರಸ್ಟಿನವರು ಕಟ್ಟಿಸಿದ ಸಂಶೋಧನಾ ಕೇಂದ್ರದಲ್ಲಿ. ಮಂಡ್ಯದ ಮೇಷ್ಟ್ರೊಬ್ಬರ ಮಗಳು, ಮೂವತ್ತು ದಾಟಿರಬೇಕು. ದನಿ ಎಷ್ಟು ಮೆಲ್ಲಗೆ ಎಂದರೆ, ಎರಡು ವರ್ಷದ ಹಿಂದೆ ಮೊದಲ ಸಲ ನನ್ನ ಕಿಟಕಿಗೆ ಬಂದು ಮಾತಾಡಿದಾಗ ನಾನು ಐದು ಟ್ರ್ಯಾಕ್ಟರುಗಳ ಎಂಜಿನ್ ಆಫ್ ಮಾಡಿಸಬೇಕಾಯಿತು.

"ಅಣ್ಣ, ನಿಮ್ಮ ಲಾರಿಗಳು ನಮ್ಮ ಗೇಟಿನ ಮುಂದಿನ ಹಂಪ್ ಹಾರಿದಾಗಲೆಲ್ಲ ನನ್ನ ಮೋಟಾರಿನ ಅಳತೆ ಕೆಟ್ಟು ಹೋಗುತ್ತೆ."

"ಯಾವ್ ಮೋಟ್ರು ಮೇಡಮ್ಮೋರೆ? ಎಷ್ಟು ಎಚ್‌ಪಿ?"

ಅವರು ತಮ್ಮ ತೋಳು ಮಡಚಿ ತೋರಿಸಿದರು. "ಇದರೊಳಗೆ ಇರೋದು."

ಆಮೇಲೆ ತಿಳಿಸಿ ಹೇಳಿದರು. ನಮ್ಮ ಮಾಂಸಖಂಡದೊಳಗೆ ಕಣ್ಣಿಗೆ ಕಾಣದ ಮೋಟಾರುಗಳಿವೆಯಂತೆ. ಒಂದೊಂದೂ ಪ್ರೋಟೀನಿನ ಒಂದು ಸಣ್ಣ ತುಣುಕು. ಪಕ್ಕದಲ್ಲಿ ಒಂದು ಎಳೆ ಇರುತ್ತದೆ. ಮೋಟಾರು ಕೈ ಚಾಚಿ ಆ ಎಳೆಯನ್ನು ಹಿಡಿಯುತ್ತದೆ, ಜಗ್ಗುತ್ತದೆ, ಬಿಡುತ್ತದೆ. ಕೋಟಿಗಟ್ಟಲೆ ಮೋಟಾರುಗಳು ಹೀಗೆ ಜಗ್ಗಿದಾಗ ತೋಳು ಮಡಚುತ್ತದೆ, ಗುಂಡಿಗೆ ಬಡಿಯುತ್ತದೆ. ಅಂಥ ಒಂದೇ ಒಂದು ಮೋಟಾರು ಎಷ್ಟು ಬಲವಾಗಿ ಜಗ್ಗುತ್ತದೆ ಅಂತ ಅಳೆಯುವುದು ಅವರ ಕೆಲಸ. ಲೇಸರ್ ಬೆಳಕಿನಲ್ಲೇ ಎರಡು ಮಣಿಗಳನ್ನು ಹಿಡಿದು, ನಡುವೆ ಎಳೆಯನ್ನು ಬಿಗಿದು, ಕೆಳಗೆ ಗಾಜಿನ ಮೇಲೆ ಮೋಟಾರನ್ನು ಕೂರಿಸುತ್ತಾರೆ. ಅದು ಜಗ್ಗಿದರೆ ಮಣಿ ಸರಿಯುತ್ತದೆ. ಬಲ ಎರಡು ಪಿಕೊನ್ಯೂಟನ್. ಅಂದರೆ, ಅದೇ, ಸಾಸಿವೆಯ ಕೋಟಿ ಪಾಲು.

"ನಲವತ್ತು ಟನ್ ತೂಗೋನು ನಾನು," ಅಂದೆ. "ಸಾಸ್ವೆ ತೂಗೋರು ನೀವು. ನಮ್ಮಿಬ್ರು ಮಧ್ಯೆ ಪ್ರಪಂಚದಲ್ಲಿರೋದೆಲ್ಲ ಬಂದೋಯ್ತು ಬುಡಿ."

ಅವತ್ತಿನಿಂದ ಮೇಡಂ ಮುಖ್ಯವಾದ ಅಳತೆ ಇದ್ದ ದಿನ ನನಗೆ ಹೇಳಿ ಕಳಿಸುತ್ತಿದ್ದರು. ನಾನು ತುಂಬಿದ ಗಾಡಿಗಳನ್ನೆಲ್ಲ ಯಾರ್ಡಿನಲ್ಲೇ ಒಂದೆರಡು ಗಂಟೆ ತಡೆದು ಆಮೇಲೆ ಬಿಡುತ್ತಿದ್ದೆ. ಭೂಮಿ ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಹಿಂದೆ ಆದಿಶೇಷನದಾಗಿತ್ತು, ಈಗ ಮದ್ದೂರು ತಾಲ್ಲೂಕಿನ ಮಟ್ಟಿಗೆ ನಾನು ನೋಡಿಕೊಳ್ಳುತ್ತಿದ್ದೇನೆ ಅಂತ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದೆ.

ಅದೇ ಗಾಜಿನ ಮೇಲೆ ನಮ್ಮ ಮನೆಯದೇ ಮಾಂಸ ಕೂರುತ್ತದೆ ಅಂತ ನನಗೇನು ಗೊತ್ತು?

ನಮ್ಮಪ್ಪ ಕೆಂಪಸಿದ್ದಯ್ಯನ ಹೆಗಲು ಎಷ್ಟು ಅಗಲ ಎಂದರೆ ಅವನು ಬಾಗಿಲಲ್ಲಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕಾಗಿತ್ತು. ನಲವತ್ತೊಂದನೇ ವಯಸ್ಸಿಗೆ ಕಬ್ಬಿನ ಹೊರೆ ಹೊತ್ತುಕೊಂಡು ಗದ್ದೆಯ ಬದು ಹತ್ತಿದವನು ಹೊರೆ ಇಳಿಸಿ ಕೂತ. ಏಳಲಿಲ್ಲ. ಗಾಳಿ ಹೊಡೆದದ್ದು ಅಂದರು, ಗ್ರಹಚಾರ ಅಂದರು. ಕಳೆದ ವರ್ಷ ನನ್ನ ತಮ್ಮ ಸಿದ್ದೇಶ ಆಲೆಮನೆಯ ಕೊಪ್ಪರಿಗೆ ಪಕ್ಕದಲ್ಲಿ ಹಾಗೆಯೇ ಕುಸಿದು ಕೂತ. ಪುಣ್ಯಕ್ಕೆ ಬದುಕಿದ. ಆಸ್ಪತ್ರೆಯಲ್ಲಿ ನೋಡಿ, ಗುಂಡಿಗೆಯ ಗೋಡೆ ಅತಿಯಾಗಿ ದಪ್ಪವಾಗಿದೆ, ರಕ್ತ ಹೋಗುವ ದಾರಿಯೇ ಕಟ್ಟಿದೆ ಅಂತ ಎದೆ ತೆರೆದು ಹುಣಸೆ ಬೀಜದಷ್ಟು ಮಾಂಸ ಕತ್ತರಿಸಿ ತೆಗೆದರು. ಮನೆಯವರದೆಲ್ಲ ರಕ್ತ ಪರೀಕ್ಷೆಯೂ ಆಯಿತು. ಮೋಟಾರನ್ನು ಹೇಗೆ ಮಾಡಬೇಕು ಅಂತ ಮೈಯೊಳಗೆ ಒಂದು ಬರಹ ಇರುತ್ತದಂತೆ. ಅಪ್ಪನ ಕಡೆಯಿಂದ ಒಂದು ಪ್ರತಿ, ಅಮ್ಮನ ಕಡೆಯಿಂದ ಒಂದು ಪ್ರತಿ. ಸಿದ್ದೇಶನ ಒಂದು ಪ್ರತಿಯಲ್ಲಿ ಒಂದಕ್ಷರ ಬೇರೆ ಇತ್ತು. ನನ್ನದರಲ್ಲೂ ಇತ್ತು. ನನ್ನ ಮಗಳು ದೀಪಿಕಳದರಲ್ಲೂ ಇತ್ತು.

ದೀಪಿಕ ಮಂಡ್ಯದಲ್ಲಿ ಪಿಯುಸಿ ಓದುತ್ತಾಳೆ. ಕಬಡ್ಡಿ ಆಡುತ್ತಾಳೆ. ಆಡುತ್ತಾಳೆ ಅಂದರೆ ಎಂಥದ್ದು! ಅವಳು ರೈಡಿಗೆ ಹೋದರೆ ಆಚೆಯ ಏಳು ಹುಡುಗಿಯರೂ ತಾವಾಗಿಯೇ ಗೆರೆ ದಾಟಿ ಔಟಾಗುತ್ತಾರೆ. ರಾಜ್ಯದ ತಂಡದ ಶಿಬಿರಕ್ಕೆ ಅವಳ ಹೆಸರು ಬಂದಿತ್ತು. ಬುಧವಾರ ಬೆಳಿಗ್ಗೆ ಹೊರಡಬೇಕು.

ಹೃದಯದ ಡಾಕ್ಟರು ಅವಳ ಎದೆಯ ಸ್ಕ್ಯಾನ್ ನೋಡಿದರು. ಇನ್ನೂ ದಪ್ಪವಾಗಿಲ್ಲ, ಆದರೆ ಆ ಅಕ್ಷರವನ್ನು ನಾವು ಬೇರೆ ಯಾವ ಮನೆತನದಲ್ಲೂ ಕಂಡಿಲ್ಲ, ಅದು ಕೆಡುಕೋ ಅಲ್ಲವೋ ಹೇಳಲಾರೆವು, ಆಡಿಸಬಹುದು ಅಂತಲೂ ಬೇಡ ಅಂತಲೂ ಬರೆದುಕೊಡಲಾರೆವು ಅಂದರು. ನಾನು ಬಂದು ಆಶ್ರಿತಾ ಮೇಡಂ ಮುಂದೆ ಕೂತೆ. ಅವರು ಡಾಕ್ಟರ ಹತ್ತಿರ ಮಾತಾಡಿ, ಸಿದ್ದೇಶನಿಂದ ಸಹಿ ಪಡೆದು, ಆ ಹುಣಸೆ ಬೀಜದಲ್ಲಿ ಉಳಿದಿದ್ದ ಚೂರನ್ನು ತರಿಸಿಕೊಂಡರು.

"ನಿಮ್ಮ ತಮ್ಮನೊಳಗೆ ಎರಡು ಥರದ ಮೋಟಾರು ಇರುತ್ತೆ ರಾಜೇಂದ್ರಣ್ಣ. ನಿಮ್ಮ ತಾಯಿಯದು, ನಿಮ್ಮ ತಂದೆಯದು. ಎರಡೂ ಒಂದೇ ಬಲದಲ್ಲಿ ಜಗ್ಗಿದರೆ ಆ ಅಕ್ಷರದಿಂದ ತೊಂದರೆ ಕಾಣಲಿಲ್ಲ ಅಂತ ಬರೀತೀನಿ. ಬೇರೆ ಬೇರೆ ಜಗ್ಗಿದರೆ, ಅಕ್ಷರದ್ದೇ ಕೆಲಸ. ನಾನು ಹೇಳೋದು ಅಷ್ಟೇ, ತೀರ್ಮಾನ ಡಾಕ್ಟರದು. ಅವರು ನನ್ನ ಅಳತೆಗೇ ಕಾಯ್ತಿದ್ದಾರೆ."

"ಗೊತ್ತಾಗೋದು ಎಂಗೆ?"

"ಒಂದೊಂದು ಜಗ್ಗಿಗೂ ಪರದೆ ಮೇಲೆ ಒಂದು ಚುಕ್ಕೆ ಬೀಳುತ್ತೆ. ಚುಕ್ಕೆಗಳೆಲ್ಲ ಎರಡು ಪಿಕೊನ್ಯೂಟನ್ ಹತ್ತಿರ ಒಂದೇ ಗುಡ್ಡ ಆದರೆ ಒಳ್ಳೇದು. ಎರಡು ಗುಡ್ಡ ಆದರೆ..."

ಅವರು ಎದ್ದು ಆ ಚೂರಿನ ಡಬ್ಬಿಯನ್ನು ಮಂಜಿನ ಪೆಟ್ಟಿಗೆಗೆ ಸೇರಿಸಿದರು.

ಮಂಗಳವಾರ ಹತ್ತು ಗಂಟೆಗೆ ನಾನು ರಸ್ತೆಯನ್ನು ಕಟ್ಟಿದೆ. ಯಾರ್ಡಿನಲ್ಲಿ ಲಾರಿ, ಟ್ರ್ಯಾಕ್ಟರು, ಎತ್ತಿನ ಗಾಡಿ, ಎಲ್ಲ ಸೇರಿ ಸಾವಿರಕ್ಕೆ ಕಡಿಮೆಯಿರಲಿಲ್ಲ. ಚಿಕ್ಕಣ್ಣ ಎಣಿಸಿ ಮೂವತ್ತಾರು ಅಂದ. ಅವನಿಗೆ ಎಣಿಕೆ ಬರುವುದಿಲ್ಲ. ಚಿಕ್ಕಣ್ಣ ನಮ್ಮ ಗೇಟಿನವನು, ನನ್ನ ಓರಗೆಯವನು.

"ಲೇ ಚಿಕ್ಕ, ಸಾಯಂಕಾಲ ನಾಕ್ ಗಂಟೆಗೆ ನಾನ್ ಫೋನ್ ಮಾಡೋಗಂಟ ಒಂದ್ ಚಕ್ರನೂ ಉರುಳ್ಬಾರ್ದು ಕಣ್ಲಾ."

"ನಾಕ್ ಗಂಟೆಗಂಟ್ಲೂ ಬಿಸ್ಲಲ್ಲಿ ಒಣಗ್ತಾ ಕೂತ್ಕಂದ್ರೆ ಡ್ರೈವರ್‌ಗೋಳು ನನ್ನೇ ಅಗ್ದು ರಸ ತೆಗೀತಾರೆ ಕಣ್ಲಾ!"

"ನಿನ್ನಲ್ಲಿ ರಸ ಎಲ್ಲೈತ್ಲಾ, ಬರೀ ಸಿಪ್ಪೆ."

ನಗುತ್ತಲೇ ರಸ್ತೆ ದಾಟಿದೆ. ನಗು ಆಚೆ ಬದಿಗೆ ಬರಲಿಲ್ಲ.

ಒಳಗೆ ಕತ್ತಲ ಕೋಣೆ. ಮಂಚದಷ್ಟು ದೊಡ್ಡ ಉಕ್ಕಿನ ಮೇಜು, ಅದು ನಿಂತಿರುವುದು ಗಾಳಿಯ ಮೇಲೆ. ನನ್ನನ್ನು ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಕಾಲು ಅಲ್ಲಾಡಿಸಬಾರದು, ಮಾತಾಡಬಾರದು ಅಂದರು.

"ಉಸ್ರು?"

"ಬಿಡಬಹುದು."

"ಎರಡ್ರಲ್ಲಿ ಒಂದ್ ಆರ್ಸ್ಕೋ ಅಂದ್ರೆ ನಾನು ಮಾತೇ ಆರ್ಸ್ಕೋತಿದ್ದೆ ಮೇಡಮ್ಮೋರೆ."

ಅವರು ನಗಲಿಲ್ಲ. ಕೈಯಲ್ಲಿದ್ದ ಸಣ್ಣ ಕೊಳವೆಯನ್ನು ಬೆಳಕಿಗೆ ಹಿಡಿದರು. "ನಿಮ್ಮ ತಮ್ಮನ ಮೋಟಾರುಗಳಿರೋ ಕೊನೆಯ ಕೊಳವೆ ಇದು. ಮಂಜು ಕರಗಿದ ಮೇಲೆ ಐದು ಗಂಟೆ ಹೊತ್ತು ಜೀವ ಇರುತ್ತೆ. ಆಮೇಲೆ ಮೋಟಾರು ಜಗ್ಗಲ್ಲ."

ಪರದೆಯ ಮೇಲೆ ಒಂದು ಹಸಿರು ಗೆರೆ ಓಡುತ್ತಿತ್ತು. ಸುಮ್ಮನೆ ಓಡುತ್ತಿರಲಿಲ್ಲ, ಜ್ವರ ಬಂದವನ ತುಟಿಯಂತೆ ಅದುರುತ್ತಿತ್ತು. ನೀರಿನೊಳಗೆ ಯಾವ ಸಣ್ಣ ವಸ್ತುವೂ ಸುಮ್ಮನಿರುವುದಿಲ್ಲವಂತೆ, ಆ ಮಣಿಗಳೂ ಹಾಗೆಯೇ ನಡುಗುತ್ತಿರುತ್ತವಂತೆ. ಮೋಟಾರು ಎಳೆಯನ್ನು ಹಿಡಿದ ಕ್ಷಣ ಆ ನಡುಕ ತಗ್ಗಿ, ಗೆರೆ ಒಂದು ಮೆಟ್ಟಿಲು ಮೇಲಕ್ಕೆ ಹಾರಿ ನಿಲ್ಲುತ್ತಿತ್ತು. ಬಿಟ್ಟ ಕೂಡಲೆ ಮತ್ತೆ ಅದುರು. ಹಿಡಿತ, ಬಿಡುಗಡೆ, ಒಂದು ಚುಕ್ಕೆ.

ಅದು ನನ್ನ ತಮ್ಮನ ಗುಂಡಿಗೆ. ಅವನು ಪೂರಿಗಾಲಿಯಲ್ಲಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಾನೆ. ಅವನ ಒಂದು ಚೂರು ಇಲ್ಲಿ ಗಾಜಿನ ಮೇಲೆ ಕೂತು ದಾರ ಜಗ್ಗುತ್ತಿದೆ.

ಮೊದಲ ಚುಕ್ಕೆ ಎರಡರ ಹತ್ತಿರ ಬಿತ್ತು. ಎರಡನೆಯದೂ ಅಲ್ಲೇ. ಹತ್ತು, ಹದಿನೈದು. ಎರಡರ ಸುತ್ತ ರಾಗಿ ರಾಶಿಯ ಹಾಗೆ ಸಣ್ಣಗೆ ಏರತೊಡಗಿತು. ನಾನು ಮನಸ್ಸಿನಲ್ಲೇ ದೀಪಿಕಳನ್ನು ಶಿಬಿರಕ್ಕೆ ಕಳಿಸಿ, ರಾಜ್ಯದ ತಂಡಕ್ಕೆ ಸೇರಿಸಿ, ದೇಶದ ತಂಡಕ್ಕೆ ನಾಯಕಿ ಮಾಡಿ, ಕಪ್ ಹಿಡಿದುಕೊಂಡು ಬರುವವಳಿಗೆ ಮದ್ದೂರು ಸ್ಟೇಷನ್ನಿನಲ್ಲಿ ಹಾರ ಹಾಕುವವರೆಗೂ ಹೋಗಿದ್ದೆ. ಆಗ ಒಂದು ಚುಕ್ಕೆ ಒಂದರ ಹತ್ತಿರ ಬಿತ್ತು.

ಒಂದು ತಾನೇ, ದಾರಿ ತಪ್ಪಿದೆ ಅಂದುಕೊಂಡೆ.

ಇನ್ನೊಂದು ಬಿತ್ತು. ಆಮೇಲೆ ಎರಡು ಎರಡರ ಹತ್ತಿರ. ಆಮೇಲೆ ಸಾಲಾಗಿ ಮೂರು, ಒಂದರ ಹತ್ತಿರ. ಮೇಡಂ ಬೆನ್ನು ನೆಟ್ಟಗಾಯಿತು. ಹದಿನೆಂಟು ವರ್ಷ ಅಂಕಿ ನೋಡಿದವನಿಗೆ ನೋಡುವವರ ಬೆನ್ನು ಓದುವುದೂ ಬರುತ್ತದೆ. ಹನ್ನೆರಡೂವರೆ ಹೊತ್ತಿಗೆ ಎಡಗಡೆ ಎರಡನೇ ರಾಶಿ ಮೊಳಕೆ ಬಿಟ್ಟಿತ್ತು. ಕಾಲು ಅಲ್ಲಾಡಿಸಬಾರದು ಅಂದಿದ್ದರಲ್ಲ, ಎರಡು ಕೈಯಲ್ಲೂ ಮಂಡಿಗಳನ್ನು ಒತ್ತಿ ಹಿಡಿದುಕೊಂಡೆ.

"ಮೇಡಮ್ಮೋರೆ, ಅದು..."

"ಈಗಲೇ ಹೇಳೋಕಾಗಲ್ಲ ಅಣ್ಣ. ಇನ್ನೂ ನೂರಾದರೂ ಬೇಕು."

ಇನ್ನೂ ನೂರು. ನೂರು ಸಲ ನಮ್ಮಪ್ಪ ಆ ಬದುವಿನ ಮೇಲೆ ಕೂರುವುದನ್ನು ನಾನು ನೋಡಬೇಕು.

ಒಂದಕ್ಕೆ ಹೋಗಿ ಬರುತ್ತೇನೆ ಅಂತ ಎದ್ದೆ. ಆಚೆ ಬಿಸಿಲಿಗೆ ಬಂದು ಮುಖದ ಬೆವರು ಒರೆಸಿಕೊಂಡೆ. ತೂಗುವವರ ಬುದ್ಧಿ ನೋಡಿ: ತಕ್ಕಡಿಯಲ್ಲಿ ಬೇಡದ ಅಂಕಿ ಬರುತ್ತಿದ್ದರೆ ನಮಗೆ ಮೊದಲು ಹೊಳೆಯುವುದು ತಕ್ಕಡಿಯನ್ನು ಅಲುಗಿಸುವುದು. ಫೋನ್ ತೆಗೆದೆ.

"ಚಿಕ್ಕ, ಬುಟ್ಬುಡ್ಲಾ."

"ಏನು?"

"ಗಾಡಿಗೋಳ್ನ ಬುಡು. ಎಲ್ಲಾನೂ. ಒಟ್ಟಿಗೆ."

"ನಾಕ್ ಗಂಟೆ ಅಂದಿದ್ದೆ?"

"ಬುಡ್ಲಾ ಅಂದ್ರೆ ಬುಡು!"

ಒಳಗೆ ಬಂದು ಸ್ಟೂಲಿನ ಮೇಲೆ ಕೂತೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಪಾದದ ಅಡಿಯಲ್ಲಿ ಒಂದು ಗುಡುಗು ಹುಟ್ಟಿತು. ಮೊದಲ ಲಾರಿ ಹಂಪ್ ಹಾರಿತು. ಹಸಿರು ಗೆರೆ ಪರದೆಯ ತುದಿಗೆ ಹೋಗಿ ಬಡಿದು ಬಂತು. ಎರಡನೆಯದು, ಮೂರನೆಯದು. ಗೆರೆ ಹಾವಿನ ಹಾಗೆ ಹೊರಳಾಡಿತು. ಮಣಿಗಳು ಬೆಳಕಿನಿಂದ ಜಾರಿ ಎಳೆ ಕಡಿದುಹೋಯಿತು. ಚುಕ್ಕೆಗಳು ಸೊನ್ನೆಯಿಂದ ಹತ್ತರವರೆಗೆ ಎಲ್ಲೆಂದರಲ್ಲಿ ಬಿದ್ದವು.

"ಯಾರು ಬಿಟ್ಟಿದ್ದು?" ಮೇಡಂ ದನಿ ಅಷ್ಟು ಮೇಲೆ ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಡ್ರೈವರ್‌ಗೋಳು ದಂಗೆ ಎದ್ರಂತೆ. ಚಿಕ್ಕಣ್ಣನ ಕೈ ಮೀರ್ತಂತೆ."

ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. "ಹೀಗಾದರೆ ಡಾಕ್ಟರಿಗೆ, ಗೊತ್ತಾಗಲಿಲ್ಲ ಅಂತ ಬರೀಬೇಕಾಗುತ್ತೆ. ಅಷ್ಟೇ."

ನನಗೆ ಬೇಕಾಗಿದ್ದೂ ಅಷ್ಟೇ. ಗೊತ್ತಾಗಲಿಲ್ಲ. ಬೇಡ ಅಂತ ಯಾರೂ ಬರೆಯುವುದಿಲ್ಲ. ಮಗಳು ನಾಳೆ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ. ಮೂರು ಲಾರಿ ದಾಟುವಷ್ಟು ಹೊತ್ತು ನನ್ನ ಜೀವ ಹತ್ತಿಯ ಹಾಗೆ ಹಗುರವಾಗಿತ್ತು. ಅಷ್ಟರಲ್ಲಿ ಫೋನ್ ಅದುರಿತು. ದೀಪಿಕ. ಬಾಗಿಲ ಆಚೆ ಬಂದು ಎತ್ತಿಕೊಂಡೆ.

"ಅಪ್ಪ, ಏನಂತೆ? ನಾನು ಬಸ್ಸಲ್ಲಿದೀನಿ, ಮದ್ದೂರು ದಾಟ್ದೆ. ಕೋಚ್ ಸರ್ ಎರಡ್ ಸಲ ಫೋನ್ ಮಾಡಿದ್ರು."

"ಏನೂ ಇಲ್ವಂತೆ ಮಗ," ಅಂದೆ. "ಓಗು, ಆಡು."



"ನಿಜವಾಗ್ಲೂವಾ? ಅಮ್ಮನ ಮೇಲೆ ಆಣೆ ಮಾಡು."

"ನಿಮ್ಮಮ್ಮನ ಮೇಲೆ, ನಿಮ್ಮಮ್ಮನ ತವರುಮನೆಯೋರೆಲ್ಲಾರ್ ಮೇಲೂ."

ಅವಳು ಉಸಿರು ಬಿಟ್ಟಳು. ನಕ್ಕಳು. "ಅಬ್ಬ! ಅಂಗಾದ್ರೆ ಅದು ಬಿಸ್ಲಿಗೇ ಆಗಿದ್ದು."

"ಯಾವ್ದು?"

"ಬೈಬ್ಯಾಡ ಅಪ್ಪ. ಬಾನ್ವಾರ ಒಳಲು ಊರ್ನೋರ್ ಟೀಮ್ ಮೇಲೆ ಆಡ್ತಿದ್ವಲ್ಲ, ರೈಡ್ ಮುಗ್ಸಿ ವಾಪಸ್ ಬತ್ತಿದ್ದೆ, ಗೆರೆ ಅತ್ರ ಕಣ್ಣು ಕತ್ಲೆ ಆಗೋಯ್ತು. ಬಿದ್ದಿದ್ದು ನಂಗೆ ಗೊತ್ತೇ ಇಲ್ಲ. ಎರಡ್ ನಿಮ್ಸ ಎದ್ದಿಲ್ವಂತೆ. ನೀರ್ ಉಯ್ದು ಎಬ್ಬುಸ್ದ್ರು. ನಿಂಗೆ ಯೋಳ್ಬ್ಯಾಡಿ ಅಂತ ಉಡ್ಗೀರ್ ತಾವ ನಾನೇ ಆಣೆ ಆಕುಸ್ಕೊಂಡಿದ್ದೆ. ನಂಗೂ ಭಯ ಆಗಿತ್ತು. ಈಗ ಸರಿಯೋಯ್ತಲ್ಲ."

ನಾನು ಏನು ಹೇಳಿದೆನೋ ನೆನಪಿಲ್ಲ. ಫೋನ್ ಕೈಯಲ್ಲೇ ಇತ್ತು, ನಾನು ಗೇಟಿನ ಆಚೆ ಇದ್ದೆ.

ರಸ್ತೆಯಲ್ಲಿ ಗಾಡಿಗಳು ಒಂದರ ಹಿಂದೊಂದು ಹಂಪ್ ಹತ್ತಿ ಇಳಿಯುತ್ತಿದ್ದವು. ಅಂಥ ಉದ್ದದ ಸಾಲನ್ನು ಈ ದೇಶ ನೋಡಿರಲಿಲ್ಲ. ಒಂದು ತುದಿ ಯಾರ್ಡಿನಲ್ಲಿ, ಇನ್ನೊಂದು ತುದಿ ಶಿಂಷಾ ಹೊಳೆಯಲ್ಲಿ ನೀರು ಕುಡಿಯುತ್ತಿತ್ತು. ನಾನು ಎರಡು ಕೈಯೂ ಎತ್ತಿದೆ. ಯಾರೂ ನಿಲ್ಲಿಸಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಕೈಗೆ ಲಾರಿ ನಿಲ್ಲಲಿಲ್ಲ. ಮೂರು ಗಂಟೆ ಒಣಗಿದ ಡ್ರೈವರುಗಳು ಹಾರ್ನ್ ಹೊಡೆದುಕೊಂಡೇ ಬಂದರು. ನಾನು ರಸ್ತೆಯ ನಡುವಿಗೆ ಓಡಿ ಹಂಪಿನ ಮೇಲೆ ನಿಂತೆ.

ಬ್ರೇಕಿನ ಕೂಗು ಕೇಳಿತು. ಕಬ್ಬಿನ ಒಂದು ಹೊರೆ ಕ್ಯಾಬಿನ್ನಿನ ಮೇಲಿಂದ ಜಾರಿ ನನ್ನ ಪಕ್ಕಕ್ಕೆ ಬಿತ್ತು. ಲಾರಿಯ ಬಂಪರು ನನ್ನ ಅಂಗಿಯ ಗುಂಡಿಗೆ ತಾಗಿ ನಿಂತಿತು. ಬಿಸಿ ಇತ್ತು.

"ಸಾಯಕ್ಕೆ ನನ್ ಗಾಡಿನೇ ಬೇಕಿತ್ತೇನಯ್ಯ?" ಡ್ರೈವರು ತಲೆ ಆಚೆ ಹಾಕಿ ಕೂಗಿದ.

ಚಿಕ್ಕಣ್ಣ ಯಾರ್ಡಿನಿಂದ ಓಡಿ ಬಂದ. "ನೀನೇ ಬುಡು ಅಂತೀಯ, ನೀನೇ ಅಡ್ಡ ನಿಂತ್ಕತೀಯ. ತಲೆ ಕೆಟ್ಟೋಗೈತಾ ನಿಂಗೆ?"

ನನಗೆ ಮಾತು ಬರಲಿಲ್ಲ. ನನಗೆ! ಎದೆ ಒಳಗಿನಿಂದ ಒನಕೆಯಲ್ಲಿ ಕುಟ್ಟಿದಂತೆ ಹೊಡೆದುಕೊಳ್ಳುತ್ತಿತ್ತು. ಒಂದೆರಡು ಏಟು ತಪ್ಪಿ, ಆಮೇಲೆ ಮೂರು ಒಟ್ಟಿಗೆ ಬಂದವು. ಕಣ್ಣಿನ ಅಂಚಿನಿಂದ ಕತ್ತಲೆ ಸುತ್ತಿಕೊಂಡು ಬಂತು. ಹಂಪಿನ ಮೇಲೆಯೇ ಕೂತೆ.

"ನನ್ ಮಗ್ಳು ಸತ್ತೋಯ್ತಾಳೆ ಕಣ್ರೋ," ಅಂದೆ. "ಇನ್ನೊಂದ್ ಗಾಡಿ ಇದ್ರ್ ಮೇಲೆ ಓದ್ರೆ ನನ್ ಮಗ್ಳು ಸತ್ತೋಯ್ತಾಳೆ."

ಅವರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಆದರೆ ಆ ಮುಂದಿನ ಲಾರಿಯವನು ನನ್ನ ಮುಖ ನೋಡಿ ಎಂಜಿನ್ ಆಫ್ ಮಾಡಿದ. ಹಿಂದಿನವನೂ ಮಾಡಿದ. ಹಾಗೆಯೇ ಒಂದೊಂದಾಗಿ ಸದ್ದು ಹಿಂದಕ್ಕೆ ಆರುತ್ತ ಹೋಯಿತು.

ಒಳಗೆ ಹೋಗಿ ಮೇಡಂ ಮುಂದೆ ನಿಂತು, ಲಾರಿಗಳನ್ನು ಬಿಡಿಸಿದವನು ನಾನೇ ಅಂದೆ. ಮಗಳು ಬಿದ್ದದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೊಳವೇಲಿ ಇನ್ನೊಂದು ಗಾಜಿಗೆ ಆಗೋಷ್ಟು ಇದೆ. ಒಂದೂಮುಕ್ಕಾಲು ಆಗಿದೆ, ಇನ್ನೂ ಎರಡು ಗಂಟೆ ಹೊತ್ತು ಸಿಗುತ್ತೆ. ಲಾರಿ ಓಡಿದಾಗ ಬಿದ್ದ ಚುಕ್ಕೆಗಳನ್ನೆಲ್ಲ ತೆಗೆದು ಹಾಕ್ತೀನಿ. ಆದರೆ ನೀವು ಒಳಗೆ ಇರಬೇಡಿ."

"ಮೇಡಮ್ಮೋರೆ..."

"ಆಚೆ ಕೂತ್ಕೊಳ್ಳಿ ರಾಜೇಂದ್ರಣ್ಣ."

ಮೆಟ್ಟಿಲ ಮೇಲೆ ಕೂತೆ. ಬಸ್ಸು ಬಂದು ಸಾಲಿನ ಹಿಂದೆ ಸಿಕ್ಕಿಕೊಂಡಿತು. ದೀಪಿಕ ಅಲ್ಲೇ ಇಳಿದು, ನಿಂತ ಲಾರಿಗಳ ಪಕ್ಕದಲ್ಲಿ ಬಿರಬಿರನೆ ನಡೆದು ಬರುವುದು ಕಾಣಿಸಿತು. ಓಡಬೇಡ ಅಂತ ಕೂಗೋಣ ಅಂದರೆ ಅವಳು ಓಡುತ್ತಿರಲಿಲ್ಲ.

"ಏನಪ್ಪ ಇದು, ಜಾತ್ರೆ ಮಾಡಿದ್ದೀಯ? ಯಾಕಿಂಗೆ ಕೂತಿದ್ದೀಯ?"

"ಸುಳ್ಳು ಯೋಳ್ದೆ ಮಗ. ಫೋನಲ್ಲಿ."

ಅವಳು ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ನಾನು ಒಂದನ್ನೂ ಬಿಡದೆ ಹೇಳಿದೆ. ಎರಡು ಗುಡ್ಡ, ಫೋನು, ಲಾರಿ. ಹೇಳುತ್ತ ಹೇಳುತ್ತ ಅವಳ ಮುಖದಲ್ಲಿ ಬಣ್ಣ ಇಳಿಯಿತು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಎರಡೂವರೆ ಆಯಿತು. ಮೂರಾಯಿತು. ಡ್ರೈವರುಗಳು ಲಾರಿ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ಯಾರೂ ಹಾರ್ನ್ ಹೊಡೆಯಲಿಲ್ಲ. ಚಿಕ್ಕಣ್ಣ ಬಂದು ನೀರಿನ ಬಾಟಲಿ ಕೊಟ್ಟು, "ಕುಡಿಲಾ, ಮೊಕ ಸುಣ್ಣ ಆಗೋಗೈತೆ," ಅಂತ ಹೇಳಿ ಪಕ್ಕದಲ್ಲೇ ಕೂತ. ಅವನೂ ಕಾಲು ಅಲ್ಲಾಡಿಸಲಿಲ್ಲ. ಬಾಗಿಲು ತೆರೆಯದಿರಲಿ ಅಂತ ಒಂದು ಸಲ ಬೇಡಿಕೊಳ್ಳುತ್ತಿದ್ದೆ, ಬೇಗ ತೆರೆಯಲಿ ಅಂತ ಇನ್ನೊಂದು ಸಲ. ಯಾವ ದೇವರಿಗೆ ಅಂತ ಕೇಳಬೇಡಿ. ಮುನ್ನೂರು ಮೂವತ್ತು ದೇವರಿಗೆ ಕೈ ಮುಗಿದು, ಯಾವುದಾದರೂ ಬಿಟ್ಟುಹೋಯಿತೇನೋ ಅಂತ ಮತ್ತೆ ಮೊದಲಿಂದ ಮುಗಿದೆ.

ಮೂರೂಮುಕ್ಕಾಲಿಗೆ ಮೇಡಂ ಕರೆದರು.

ಪರದೆಯ ಮೇಲೆ ಗೆರೆ ಇನ್ನೂ ಅದುರುತ್ತಿತ್ತು. ದೀಪಿಕ ಅದರ ಮುಂದೆ ಕೂತಿದ್ದಳು, ಕೈಗಳು ತೊಡೆಯ ಕೆಳಗೆ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೆಳಗಡೆ ಎರಡು ಗುಡ್ಡ ನಿಂತಿದ್ದವು, ನಡುವೆ ಕಣಿವೆ. ಬಲಗಡೆಯದು ನಮ್ಮಮ್ಮನದು, ಎರಡರ ಮೇಲೆ. ಎಡಗಡೆಯದು ನಮ್ಮಪ್ಪನದು, ಒಂದರ ಮೇಲೆ.

"ನೂರಾ ಹದಿನೆಂಟು ಜಗ್ಗು ಸಿಕ್ಕಿತು," ಮೇಡಂ ಹೇಳಿದರು. "ಅನುಮಾನಕ್ಕೆ ಜಾಗ ಇಲ್ಲ. ಅರ್ಧ ಮೋಟಾರುಗಳು ಅರ್ಧ ಬಲದಲ್ಲೇ ಜಗ್ಗುತ್ತಿವೆ. ಆ ಅಕ್ಷರದ್ದೇ ಕೆಲಸ."

"ಇನ್ನೊಂದ್ ಸಲ ತೂಗಿದ್ರೆ?" ಅಂದೆ. ಹದಿನೆಂಟು ವರ್ಷದಿಂದ ನನ್ನ ಕಿಟಕಿಯ ಮುಂದೆ ನಿಂತು ರೈತರು ಕೇಳುತ್ತ ಬಂದದ್ದು ಇದನ್ನೇ.

"ತೂಗಬಹುದು," ಅಂದರು. "ಬದಲಾಗಲ್ಲ."

ದೀಪಿಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಆಂಟಿ, ಭಾನುವಾರ ನಾನು ಎದ್ದಿಲ್ಲ ಅಂದಿದ್ರೆ?"

ಆಶ್ರಿತಾ ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. ಆ ಕೈಯ ತೂಕವನ್ನು ಈ ಜಗತ್ತಿನ ಯಾವ ಹಾಸಿನ ಮೇಲೂ ಹತ್ತಿಸಲಾಗುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೋಚಿಗೆ ಫೋನ್ ಮಾಡಿದಳು. ನಾನು ಮಾತಾಡುತ್ತೇನೆ ಅಂತ ಕೈ ಚಾಚಿದೆ, ತಲೆ ಅಲ್ಲಾಡಿಸಿದಳು. "ಬರಲ್ಲ ಸರ್... ಇಲ್ಲ ಸರ್, ಮನೇಲಿ ಬೇಡ ಅಂದಿದ್ದಲ್ಲ, ನಾನೇ ಬರಲ್ಲ. ಹಾರ್ಟಲ್ಲಿ ತೊಂದರೆ ಇದೆ, ಈಗ ಅಳತೆ ಆಯ್ತು... ಭಾನುವಾರ ಬಿದ್ದಿದ್ದೆ ಸರ್, ನಿಮಗೆ ಹೇಳಿರಲಿಲ್ಲ." ಆಮೇಲೆ ಬಹಳ ಹೊತ್ತು ಬರೀ "ಹ್ಞೂ ಸರ್, ಹ್ಞೂ ಸರ್" ಅಂದಳು. ಫೋನ್ ಇಟ್ಟ ಮೇಲೆ ತುಟಿ ಅದುರಿತು. ಅತ್ತಳು. ಅವಳ ಉಸಿರು ಏರಿದಾಗಲೆಲ್ಲ ನಾನು ಎಣಿಸತೊಡಗಿದೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ.

ಮೇಡಂ ಡಾಕ್ಟರ ಹತ್ತಿರ ಮಾತಾಡಿದರು. ಗುರುವಾರ ಬೆಳಿಗ್ಗೆ ಮೈಸೂರಿಗೆ ಬರಬೇಕು, ಅಲ್ಲಿಯವರೆಗೆ ಓಡುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ; ಗುಂಡಿಗೆಯ ಬಡಿತ ತಪ್ಪಿದರೆ ಒಳಗಿನಿಂದಲೇ ತಟ್ಟಿ ಎಬ್ಬಿಸುವ ಒಂದು ಪುಟ್ಟ ಡಬ್ಬಿಯನ್ನು ಭುಜದ ಮೂಳೆಯ ಕೆಳಗೆ ಇಡಬೇಕಾಗಬಹುದು. ಮೇಡಂ ಒಂದು ಚೀಟಿಯ ಮೇಲೆ ಹೆಸರು ಬರೆಯುತ್ತಿದ್ದರು: ದೀಪಿಕ, ಹದಿನೇಳು ವರ್ಷ.

"ಅಪ್ಪಂದೂ ಬರೀರಿ," ದೀಪಿಕ ಕಣ್ಣು ಒರೆಸಿಕೊಂಡು ಅಂದಳು.

"ನಂದ್ಯಾಕೆ? ನಾನು ಗಟ್ಟಿಯಾಗಿವ್ನಿ ಕಣ್ ಮಗ. ನಲವತ್ತಾರು ದಾಟೈತೆ, ಇಷ್ಟ್ ವರ್ಸ ಏನಾಗೈತೆ? ಇವತ್ತು ಲಾರಿನೇ ಎದೆ ಕೊಟ್ಟು ನಿಲ್ಸಿವ್ನಿ."

"ನಿಲ್ಸಿ ಆಮ್ಯಾಲೆ?"

"ಆಮ್ಯಾಲೆ ಏನು?"

"ಹಂಪ್ ಮೇಲೆ ಕೂತ್ಯಂತೆ. ಮೊಕ ಸುಣ್ಣ ಆಗಿತ್ತಂತೆ. ನಾನ್ ಬರೋವಾಗ ಚಿಕ್ಕಣ್ಣ ಮಾಮ ಹೇಳ್ದ."

ಚಿಕ್ಕಣ್ಣನಿಗೆ ಎಣಿಕೆ ಬರದಿದ್ದರೂ ಚಾಡಿ ಚೆನ್ನಾಗಿ ಬರುತ್ತದೆ. "ಅದು ಬಿಸ್ಲಿಗೆ," ಅಂದೆ.

ಅಂದ ಮೇಲೆ ನನಗೇ ಕೇಳಿಸಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ. ಅಷ್ಟು ಹೊತ್ತು ಅವಳನ್ನು ನೋಡಿ ನನಗಾಗುತ್ತಿದ್ದುದೇ ಈಗ ನನ್ನನ್ನು ನೋಡಿ ಅವಳಿಗೆ ಆಗುತ್ತಿತ್ತು. ಅದನ್ನು ನೋಡುವುದು ನನ್ನಿಂದಾಗಲಿಲ್ಲ. ಮೇಡಂ ಪೆನ್ನು ಎತ್ತಿ ಹಿಡಿದೇ ಇದ್ದರು.

"ಬರ್ಕೊಳಿ ಮೇಡಮ್ಮೋರೆ," ಅಂದೆ. "ರಾಜೇಂದ್ರ. ನಲವತ್ತಾರು ವರ್ಸ."

ಅವರು ಬರೆದರು. ಆಚೆ ಗಾಡಿಗಳು ಕಾಯುತ್ತಿದ್ದವು. ಬಿಡಲು ಹೇಳುವುದಕ್ಕೆ ನಾನು ಏಳಹೋದೆ. ದೀಪಿಕ ನನ್ನ ಹೆಗಲು ಒತ್ತಿ ಸ್ಟೂಲಿನ ಮೇಲೆ ಕೂರಿಸಿದಳು. ತಾನೇ ಮೆಲ್ಲಗೆ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಾಗಿಲವರೆಗೆ ಹೋಗಿ, ಚಿಕ್ಕಣ್ಣನಿಗೆ ಕಾಣುವ ಹಾಗೆ ಕೈ ಎತ್ತಿ ಇಳಿಸಿದಳು.